ಸ್ಥಾವರವಿಷದ ನೀತಿ: ಮಲೆನಾಡಿನ ಕಾಫಿಗಿಡ ಎತ್ತುವ ಪ್ರಶ್ನೆ

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಬೆಟ್ಟದೋರೆಗಳಲ್ಲಿ ನೆರಳುಮರಗಳ ಅಡಿಯಲ್ಲಿ ಬೆಳೆಯುವ ಕಾಫಿಗಿಡವು ತನ್ನ ಎಳೆಯೆಲೆ, ಮೊಗ್ಗು ಮತ್ತು ಬೀಜಗಳಲ್ಲಿ ಕೆಫೀನ್ ಎಂಬ ಕಹಿಯಾದ ವಸ್ತುವನ್ನು ತಾನೇ ತಯಾರಿಸಿ ಕೂಡಿಡುತ್ತದೆ. ಮನುಷ್ಯನ ನಿದ್ದೆಯನ್ನು ಓಡಿಸಲೆಂದು ಅದು ಹುಟ್ಟಿದ್ದಲ್ಲ; ಮೇಯಲು ಬರುವ ಕೀಟಗಳನ್ನು ಹಿಮ್ಮೆಟ್ಟಿಸಲು, ಸಾಧ್ಯವಾದರೆ ಕೊಲ್ಲಲು, ಗಿಡ ರೂಢಿಸಿಕೊಂಡ ರಕ್ಷಣೆ ಅದು ಎಂಬ ಅಭಿಪ್ರಾಯ ಇಂದಿನ ಸಸ್ಯವಿಜ್ಞಾನದಲ್ಲಿ ಬಲವಾಗಿದೆ. 1819ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಫ್ರೀಡ್‌ಲೀಬ್ ಫರ್ಡಿನಾಂಡ್ ರುಂಗೆ ಕಾಫಿಬೀಜದಿಂದ ಕೆಫೀನನ್ನು ಬೇರ್ಪಡಿಸಿದ್ದನಾದರೂ, ಅದು ಗಿಡಕ್ಕೆ ಯಾವ ಉಪಯೋಗಕ್ಕೆಂಬುದಕ್ಕೆ ಪ್ರಯೋಗದ ಆಧಾರ ಸಿಗಲು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. 1984ರಲ್ಲಿ ಅಮೆರಿಕದ ವಿಜ್ಞಾನಿ ಜೇಮ್ಸ್ ನಾಥನ್‌ಸನ್ ತಂಬಾಕಿನ ಎಲೆ ತಿನ್ನುವ ಒಂದು ಜಾತಿಯ ಕಂಬಳಿಹುಳುವಿನ ಆಹಾರಕ್ಕೆ ಚಹಾ ಮತ್ತು ಕಾಫಿಯ ಪುಡಿಯನ್ನೂ ಶುದ್ಧ ಕೆಫೀನನ್ನೂ ಬೆರೆಸಿ, ಗಿಡದೊಳಗೆ ಸಹಜವಾಗಿ ಇರುವಷ್ಟು ಸಾಂದ್ರತೆಯಲ್ಲಿಯೇ ಅದು ಹುಳುವಿನ ಮೇವನ್ನು ತಡೆದು ಅದನ್ನು ಸಾಯಿಸಬಲ್ಲದೆಂದು ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದನು.

ಇದೇ ಕೆಫೀನನ್ನು ಇಂದು ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ, ತಿಂಗಳು ತುಂಬುವ ಮೊದಲೇ ಹುಟ್ಟಿ ಉಸಿರಾಡುವುದನ್ನೇ ಮಧ್ಯೆ ಮಧ್ಯೆ ಮರೆತುಬಿಡುವ ಕೂಸುಗಳಿಗೆ ಔಷಧವಾಗಿ ಕೊಡಲಾಗುತ್ತಿದೆ. ಹುಳುವನ್ನು ಕೊಲ್ಲುವುದೂ ಕೂಸನ್ನು ಉಳಿಸುವುದೂ ಒಂದೇ ವಸ್ತುವಾಗಿರುವಾಗ ವಿಷವೆಂಬುದು ಯಾರ ಗುಣ, ಅದು ವಸ್ತುವಿನೊಳಗೆ ನೆಲೆಸಿದೆಯೋ, ಅದನ್ನು ಪಡೆಯುವ ದೇಹದೊಳಗೋ, ಕೊಡುವವನ ಕೈಯಲ್ಲೋ ಎಂಬ ಪ್ರಶ್ನೆ ಏಳುತ್ತದೆ. ಅದರ ಬೆನ್ನಿಗೇ ಇನ್ನೊಂದು, ಹೆಚ್ಚು ತೊಡಕಿನ ಪ್ರಶ್ನೆಯೂ ಬರುತ್ತದೆ: ಗಿಡದಿಂದಲೇ ಬಂದ ವಿಷದಿಂದ ಕೀಟವನ್ನು ಕೊಂದರೆ ಕಾರ್ಖಾನೆಯಿಂದ ಬಂದ ವಿಷದಿಂದ ಕೊಂದದ್ದಕ್ಕಿಂತ ಆ ಹಿಂಸೆ ಹಗುರವಾಗುತ್ತದೆಯೆ? ‘ನೈಸರ್ಗಿಕ’ ಎಂಬ ಹೆಸರಿಗೆ ಧರ್ಮದ ತಕ್ಕಡಿಯಲ್ಲಿ ಏನಾದರೂ ತೂಕವಿದೆಯೆ? ಮೊದಲನೆಯದಕ್ಕೆ ಸರಿಯಾದ ಉತ್ತರ ಸಿಗದೆ ಎರಡನೆಯದಕ್ಕೆ ಉತ್ತರ ಸಿಗಲಾರದು.

ಪ್ರಶ್ನೆ ಹುಟ್ಟುವ ನೆಲವನ್ನು ಮೊದಲು ನೋಡಬೇಕು. ಹೇಮಾವತಿ ನದಿಯ ದಂಡೆಯ ಸಕಲೇಶಪುರ, ಹಿಂದೆ ಮಂಜರಾಬಾದ್ ಎಂದು ಕರೆಯಲ್ಪಡುತ್ತಿದ್ದ ಸೀಮೆಯ ಪೇಟೆ. ಅಲ್ಲಿಂದ ಪಶ್ಚಿಮಕ್ಕೆ ಸಾಗಿದಂತೆ ಘಟ್ಟದ ಅಂಚು ಹತ್ತಿರವಾಗಿ ಮಳೆ ಹೆಚ್ಚುತ್ತದೆ. ಪೂರ್ವಕ್ಕೆ ಆಲೂರು ತಾಲ್ಲೂಕಿನ ಕಡೆಗೆ ಇಳಿದಂತೆ ಮಳೆ ಕಡಿಮೆಯಾಗಿ, ಕಾಫಿತೋಟಗಳ ನಡುವೆ ಗದ್ದೆ ಹೊಲಗಳು ಕಾಣಿಸಿಕೊಳ್ಳುತ್ತವೆ. ಇಲ್ಲಿ ಅರೇಬಿಕಾ ಮತ್ತು ರೋಬಸ್ಟಾ ಎಂಬ ಎರಡೂ ಜಾತಿಯ ಕಾಫಿ ಬೆಳೆಯುತ್ತದೆ. ಅರೇಬಿಕಾ ಬೀಜದ ತೂಕದಲ್ಲಿ ಸುಮಾರು ನೂರಕ್ಕೆ 1.2ರಷ್ಟು ಕೆಫೀನ್ ಇದ್ದರೆ, ತಗ್ಗಿನ, ಬಿಸಿಯಾದ, ಕೀಟಗಳು ಹೆಚ್ಚಾಗಿರುವ ಕಾಡಿನಿಂದ ಬಂದ ರೋಬಸ್ಟಾದಲ್ಲಿ ಅದು ನೂರಕ್ಕೆ 2ರ ಆಸುಪಾಸಿನಲ್ಲಿರುತ್ತದೆ. ಈ ವಸ್ತು ಗಿಡದ ಜೀವಕೋಶಗಳಿಗೂ ನಿರಪಾಯಕಾರಿಯಲ್ಲ, ಕೋಶವಿಭಜನೆಯನ್ನು ಅದು ತಡೆಯುತ್ತದೆ. ಆದುದರಿಂದ ಗಿಡ ಅದನ್ನು ಕ್ಲೋರೋಜೆನಿಕ್ ಆಮ್ಲವೆಂಬ ಇನ್ನೊಂದು ವಸ್ತುವಿಗೆ ಅಂಟಿಸಿ, ಕೋಶದೊಳಗಿನ ರಸದ ಚೀಲಗಳಲ್ಲಿ ಮುಚ್ಚಿಡುತ್ತದೆ. ವಿಷವನ್ನು ತಯಾರಿಸುವವನಿಗೂ ವಿಷದಿಂದ ವಿನಾಯಿತಿ ಇಲ್ಲವೆಂಬ ಈ ಸಂಗತಿ ಮುಂದಿನ ವಿಚಾರಕ್ಕೆ ಬಹಳ ಮುಖ್ಯವಾದುದು.

ಗಿಡದ ಈ ರಕ್ಷಣೆ ಎಲ್ಲ ಶತ್ರುಗಳ ಮುಂದೆಯೂ ನಿಲ್ಲುವುದಿಲ್ಲ. 1850ರ ದಶಕದಲ್ಲಿ ಮಂಜರಾಬಾದಿಗೆ ಬಂದು ನೆಲೆಸಿದ ಬೆಳೆಗಾರ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಮೈಸೂರು ಸಂಸ್ಥಾನದ ಕಾಫಿಕೃಷಿಯ ಗ್ರಂಥದಲ್ಲಿ, ಆ ಕಾಲದ ತೋಟಗಳನ್ನು ಹಾಳುಮಾಡಿದ ಬೋರರ್ ಹುಳುವಿನ ವಿಚಾರವೂ ಅದಕ್ಕೆ ತಡೆಯಾಗಬಲ್ಲ ಮರದ ನೆರಳಿನ ವಿಚಾರವೂ ವಿಸ್ತಾರವಾಗಿ ಬರುತ್ತವೆ. ಇಂದು ಬಿಳಿ ಕಾಂಡಕೊರಕವೆಂದು ಹೆಸರಾದ ಆ ದುಂಬಿ ಅರೇಬಿಕಾ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಟ್ಟು, ಮರಿಹುಳು ಒಳಮರವನ್ನು ಕೊರೆದು ತಿನ್ನುವುದರಿಂದ, ಎಲೆಯಲ್ಲೂ ಬೀಜದಲ್ಲೂ ಕೂಡಿಟ್ಟ ಕೆಫೀನ್ ಅದರ ದಾರಿಗೆ ಅಡ್ಡಬರುವುದಿಲ್ಲ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಪತ್ತೆಯಾಗಿ ಆಮೇಲೆ ಕರ್ನಾಟಕದ ತೋಟಗಳಿಗೂ ಹರಡಿದ ಕಾಯಿಕೊರಕದ ಕಥೆ ಇನ್ನೂ ವಿಚಿತ್ರವಾದುದು. ಎರಡು ಮಿಲಿಮೀಟರಿಗೂ ಕಡಿಮೆ ಉದ್ದದ ಈ ಕಪ್ಪು ದುಂಬಿ ಕೆಫೀನ್ ಅತಿ ಹೆಚ್ಚಾಗಿರುವ ಬೀಜದೊಳಗೇ ಹುಟ್ಟಿ, ಅದನ್ನೇ ತಿಂದು ಬೆಳೆಯುತ್ತದೆ. ಅದರ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು, ಮುಖ್ಯವಾಗಿ ಸ್ಯೂಡೊಮೊನಾಸ್ ಕುಲದವು, ಕೆಫೀನನ್ನು ಒಡೆದು ನಿರ್ವಿಷಗೊಳಿಸುತ್ತವೆಂದೂ, ಆ್ಯಂಟಿಬಯಾಟಿಕ್ ಕೊಟ್ಟು ಆ ಬ್ಯಾಕ್ಟೀರಿಯಾಗಳನ್ನು ಇಲ್ಲವಾಗಿಸಿದರೆ ದುಂಬಿಯ ಸಂತಾನಶಕ್ತಿ ಕುಸಿಯುತ್ತದೆಂದೂ 2015ರಲ್ಲಿ ಅಮೆರಿಕದ ಬರ್ಕ್‌ಲಿ ಪ್ರಯೋಗಾಲಯದ ಸಂಶೋಧಕರು ಕಂಡುಕೊಂಡರು. ಒಂದು ಹುಳುವಿಗೆ ಮರಣವಾದುದು ಇನ್ನೊಂದು ಹುಳುವಿಗೆ ಮನೆಯಾಗಿರುವುದು, ಅದೂ ಮೂರನೆಯ ಜೀವಿಯೊಂದರ ನೆರವಿನಿಂದ!

ಕನ್ನಡದ ಶಾಸ್ತ್ರಸಾಹಿತ್ಯಕ್ಕೆ ವಿಷದ ವಿಚಾರ ಹೊಸದಲ್ಲ. 14ನೆಯ ಶತಮಾನದ ಜೈನಕವಿ ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯದ ಗ್ರಂಥವನ್ನು ಕನ್ನಡದಲ್ಲಿಯೇ, ಪದ್ಯರೂಪದಲ್ಲಿ ರಚಿಸಿದನು. ಆಯುರ್ವೇದದ ಪರಂಪರೆ ವಿಷವನ್ನು ಸ್ಥಾವರ ಮತ್ತು ಜಂಗಮವೆಂದು ವಿಂಗಡಿಸುತ್ತದೆ. ಹಾವು, ಚೇಳು ಮೊದಲಾದ ಚಲಿಸುವ ಪ್ರಾಣಿಗಳದು ಜಂಗಮವಿಷ, ಬೇರು, ಎಲೆ, ಹಾಲು, ಬೀಜ, ಖನಿಜಗಳದು ಸ್ಥಾವರವಿಷ. ಈ ಲೆಕ್ಕದಲ್ಲಿ ಕೆಫೀನ್ ಸ್ಥಾವರವಿಷದ ಗುಂಪಿಗೆ ಸೇರಬೇಕಾದುದು. ಇಲ್ಲಿ ಗಮನಿಸಬೇಕಾದ ಒಂದು ಒಳಜಗ್ಗಾಟ ಆ ಪರಂಪರೆಯಲ್ಲಿಯೇ ಇದೆ. ಚರಕಸಂಹಿತೆಯು ಒಂದೆಡೆ ವಿಷಕ್ಕೆ ಲಘು, ರೂಕ್ಷ, ತೀಕ್ಷ್ಣ, ಸೂಕ್ಷ್ಮ, ಉಷ್ಣ ಮೊದಲಾದ ಹತ್ತು ಗುಣಗಳನ್ನು ಹೇಳಿ, ವಿಷತ್ವವು ವಸ್ತುವಿನ ಸ್ವಭಾವವೆಂಬಂತೆ ವಿವರಿಸುತ್ತದೆ. ಇನ್ನೊಂದೆಡೆ ಯುಕ್ತಿಯಿಂದ, ಅಂದರೆ ಕಾಲ, ಪ್ರಮಾಣ, ರೋಗಿ, ಉದ್ದೇಶಗಳನ್ನು ಅರಿತ ವಿವೇಚನೆಯಿಂದ, ಬಳಸಿದಾಗ ತೀಕ್ಷ್ಣವಾದ ವಿಷವೂ ಔಷಧವಾಗುತ್ತದೆಂದೂ ಅರಿಯದೆ ಬಳಸಿದ ಔಷಧ ವಿಷವಾಗುತ್ತದೆಂದೂ ಪ್ರತಿಪಾದಿಸುತ್ತದೆ. ಸ್ವಭಾವವೇ ವಿಷವಾಗಿದ್ದರೆ ಅದು ಔಷಧವಾಗುವುದು ಹೇಗೆ? ಎರಡನ್ನೂ ಒಟ್ಟಿಗೆ ಓದಿದರೆ ತೋರುವ ಅರ್ಥವೆಂದರೆ, ವಸ್ತುವಿನಲ್ಲಿರುವುದು ಶಕ್ತಿ ಮಾತ್ರ, ಆ ಶಕ್ತಿ ವಿಷವೋ ಮದ್ದೋ ಆಗುವುದು ಇನ್ನೊಂದು ದೇಹದೊಂದಿಗೆ ಕೂಡಿದಾಗ.

16ನೆಯ ಶತಮಾನದ ಯುರೋಪಿನ ವೈದ್ಯ ಪ್ಯಾರಾಸೆಲ್ಸಸ್ ಹೇಳಿದ, ಪ್ರಮಾಣವೊಂದೇ ವಿಷವನ್ನು ನಿರ್ಧರಿಸುತ್ತದೆಂಬ ಮಾತು ಇಂದು ಎಲ್ಲೆಡೆ ಸಲೀಸಾಗಿ ಓಡಾಡುತ್ತಿದೆ. ಆ ಮಾತು ಸುಳ್ಳಲ್ಲ, ಆದರೆ ಅರ್ಧವಷ್ಟೇ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂವರೆಗಿನ ಕೆಫೀನ್ ಅಪಾಯಕಾರಿಯಲ್ಲವೆಂದೂ ಗರ್ಭಿಣಿಯರು 200 ಮಿಲಿಗ್ರಾಂ ಮೀರಬಾರದೆಂದೂ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳುತ್ತದೆ; ಒಂದೇ ಸಲಕ್ಕೆ ಸುಮಾರು 10 ಗ್ರಾಂ ಸೇವಿಸಿದರೆ ಸಾವು ಬರಬಹುದು. ಇಲ್ಲಿಯವರೆಗೆ ಪ್ರಮಾಣದ ಮಾತು ಸರಿ. ಆದರೆ ಅವಧಿಗೆ ಮುನ್ನ ಹುಟ್ಟಿದ ಕೂಸಿಗೆ ಮೊದಲು ಕೊಡುವ ಕೆಫೀನ್ ಸಿಟ್ರೇಟ್‌ನ ಪ್ರಮಾಣ, ದೇಹತೂಕದ ಪ್ರತಿ ಕಿಲೋಗೆ 20 ಮಿಲಿಗ್ರಾಂ. ಅದರಲ್ಲಿ ಶುದ್ಧ ಕೆಫೀನ್ ಅರ್ಧದಷ್ಟು. 70 ಕಿಲೋ ತೂಕದ ವಯಸ್ಕನಿಗೆ ಅದೇ ಲೆಕ್ಕ ಹಿಡಿದರೆ 700 ಮಿಲಿಗ್ರಾಂ ಆಗುತ್ತದೆ, ಅಂದರೆ ಆರೋಗ್ಯವಂತನಿಗೆ ಹೇಳಿದ ದಿನದ ಮಿತಿಯನ್ನು ದಾಟಿ ಬಹಳ ಮುಂದೆ ಹೋಗುತ್ತದೆ. ವಯಸ್ಕನ ಯಕೃತ್ತು ಒಳಹೋದ ಕೆಫೀನಿನ ಅರ್ಧಭಾಗವನ್ನು ಸುಮಾರು 5 ಗಂಟೆಗಳಲ್ಲಿ ಒಡೆದುಬಿಡುತ್ತದೆ. ಆ ಕೂಸಿನ ಯಕೃತ್ತು ಇನ್ನೂ ಬಲಿಯದಿರುವುದರಿಂದ ಅಷ್ಟೇ ಕೆಲಸಕ್ಕೆ 100 ಗಂಟೆಗಳ ಆಸುಪಾಸು ಬೇಕಾಗುತ್ತದೆ. ಹೀಗೆ ಅತಿ ದುರ್ಬಲವಾದ ದೇಹಕ್ಕೆ, ತೂಕದ ಲೆಕ್ಕದಲ್ಲಿ ಅತಿ ಹೆಚ್ಚು, ಅದೂ ಬಹುಕಾಲ ದೇಹದಲ್ಲೇ ಉಳಿಯುವಂತೆ ಕೊಟ್ಟ ಕೆಫೀನ್ ಕೊಲ್ಲುವ ಬದಲು ಕಾಯುತ್ತದೆ. ಪ್ರಮಾಣವೊಂದನ್ನೇ ಹಿಡಿದವರು ಇದನ್ನು ವಿವರಿಸಲಾರರು.

ಇದರ ಕಾರಣ ದೇಹದೊಳಗಿನ ಅಡಿನೊಸಿನ್ ಎಂಬ ವಸ್ತುವಿನಲ್ಲಿದೆ. ಮೆದುಳು ದುಡಿದಷ್ಟೂ ಅಡಿನೊಸಿನ್ ಕೂಡುತ್ತ ಹೋಗಿ, ನರಕೋಶಗಳ ಮೇಲಿನ ಗ್ರಾಹಕಗಳಿಗೆ ಅಂಟಿಕೊಂಡು ಅವುಗಳ ಚಟುವಟಿಕೆಯನ್ನು ತಗ್ಗಿಸುತ್ತದೆ. ಮಂಪರು ಬರುವುದು ಹೀಗೆ. ಆಕಾರದಲ್ಲಿ ಅಡಿನೊಸಿನ್ನನ್ನು ಹೋಲುವ ಕೆಫೀನ್, ಬೀಗದ ಕಂಡಿಯಲ್ಲಿ ಹೊಕ್ಕರೂ ತಿರುಗದ ಬೇರೊಂದು ಬೀಗದಕೈಯಂತೆ, ಆ ಗ್ರಾಹಕಗಳಲ್ಲಿ ಕುಳಿತು ಅಡಿನೊಸಿನ್ನಿಗೆ ಜಾಗವಿಲ್ಲದಂತೆ ಮಾಡುತ್ತದೆ. ಅವಧಿಪೂರ್ವ ಕೂಸಿನಲ್ಲಿ ಉಸಿರಾಟವನ್ನು ನಡೆಸುವ ಮೆದುಳಿನ ಕೇಂದ್ರ ಇನ್ನೂ ಅಪಕ್ವವಾಗಿದ್ದು ಅಡಿನೊಸಿನ್ ಅದನ್ನು ಇನ್ನಷ್ಟು ಕುಗ್ಗಿಸುವುದರಿಂದ, ಆ ತಡೆಯನ್ನು ತೆಗೆದಾಗ ಉಸಿರು ತಪ್ಪುವುದು ಕಡಿಮೆಯಾಗುತ್ತದೆ. ಕೀಟದಲ್ಲಿ ನಡೆಯುವುದು ಬೇರೆ. ಅಲ್ಲಿ ಜೀವಕೋಶದೊಳಗೆ ಸಂದೇಶ ಒಯ್ಯುವ ಅಣುವನ್ನು ಸಕಾಲಕ್ಕೆ ಒಡೆಯಬೇಕಾದ ಕಿಣ್ವವನ್ನು ಕೆಫೀನ್ ತಡೆಹಿಡಿದು, ನರಗಳ ವ್ಯವಹಾರವನ್ನೇ ಹದಗೆಡಿಸುತ್ತದೆಂದು ನಾಥನ್‌ಸನ್ ಸೂಚಿಸಿದ್ದನು.

ಕೂಸುಗಳಿಗೆ ಆಗುವ ಉಪಕಾರ ಬರಿಯ ನಂಬಿಕೆಯಲ್ಲ. ಕೆನಡಾದ ವೈದ್ಯೆ ಬಾರ್ಬರಾ ಷ್ಮಿಟ್ ಅವರ ನೇತೃತ್ವದಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಸೇರಿ, 500ರಿಂದ 1250 ಗ್ರಾಂ ತೂಕದಲ್ಲಿ ಹುಟ್ಟಿದ 2006 ಶಿಶುಗಳ ಮೇಲೆ ನಡೆಸಿದ ಅಧ್ಯಯನದ ಫಲಿತಾಂಶಗಳು 2006 ಮತ್ತು 2007ರಲ್ಲಿ ಪ್ರಕಟವಾದವು. ಹುಟ್ಟುವ ಮುನ್ನಿನ ದಿನಗಳನ್ನೂ ಸೇರಿಸಿ 36 ವಾರ ತುಂಬಿದಾಗಲೂ ಆಮ್ಲಜನಕದ ಆಸರೆ ಬೇಕಾದವರು ಕೆಫೀನ್ ಪಡೆದವರಲ್ಲಿ ನೂರಕ್ಕೆ 36ರಷ್ಟಿದ್ದರೆ, ಪಡೆಯದವರಲ್ಲಿ ಸುಮಾರು 47ರಷ್ಟಿದ್ದರು. ಒಂದೂವರೆ ವರ್ಷದ ಹೊತ್ತಿಗೆ ಸಾವು ಅಥವಾ ಅಂಗವೈಕಲ್ಯಕ್ಕೆ ಒಳಗಾದವರು ಕೆಫೀನ್ ಪಡೆದವರಲ್ಲಿ ನೂರಕ್ಕೆ ಸುಮಾರು 40, ಪಡೆಯದವರಲ್ಲಿ ಸುಮಾರು 46. ಮಕ್ಕಳಿಗೆ ಐದು ವರ್ಷವಾಗುವ ಹೊತ್ತಿಗೆ ಈ ಎರಡನೆಯ ಅಂತರ ಕಿರಿದಾಯಿತು, ಮೊದಲ ವಾರಗಳಲ್ಲಿ ತೂಕ ಏರುವುದೂ ಕೊಂಚ ನಿಧಾನವಾಗಿತ್ತು. ಅಧ್ಯಯನ ನಡೆಸಿದವರೇ ಇವನ್ನೂ ಬರೆದಿಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಕೆಫೀನ್ ಸಿಟ್ರೇಟ್ ಇಂದು ಸ್ಥಾನ ಪಡೆದಿದೆ.

ಇದರ ಪಕ್ಕದಲ್ಲಿ ಇಡಬೇಕಾದದ್ದು ಬೇವಿನ ಎಣ್ಣೆ. ಬೇವು ನಾಡಿನ ಪೂಜ್ಯ ಮರ, ಮಾರಮ್ಮನ ಗುಡಿಯ ಮರ, ಯುಗಾದಿಯ ದಿನ ನಾಲಿಗೆಗೆ ತಾಗಿಸಿಕೊಳ್ಳುವ ಕಹಿ. ಅದರ ಬೀಜದಲ್ಲಿರುವ ಅಜಾಡಿರಾಕ್ಟಿನ್ ಎಂಬ ವಸ್ತು ಕೀಟಗಳ ಮೈಪೊರೆ ಕಳಚುವ ಹಾರ್ಮೋನಿನ ವ್ಯವಸ್ಥೆಯನ್ನು ಕೆಡಿಸಿ ಅವುಗಳ ಬೆಳವಣಿಗೆಯನ್ನೇ ನಿಲ್ಲಿಸುವುದರಿಂದ, ಸಸ್ಯಜನ್ಯ ಕೀಟನಾಶಕಗಳಲ್ಲಿ ಅತಿ ಹೆಸರಾದದ್ದೂ ಅದೇ. ಇಷ್ಟೆಲ್ಲ ಗೌರವ ಪಡೆದ ಆ ಮರದ ಎಣ್ಣೆಯನ್ನು ಮನೆಮದ್ದೆಂದು ಕೂಸುಗಳ ಬಾಯಿಗೆ ಹಾಕಿದಾಗ ವಾಂತಿ, ಮಂಪರು, ಸೆಳವು, ಯಕೃತ್ತಿನ ಮತ್ತು ಮೆದುಳಿನ ಹಾನಿ ಉಂಟಾದ ಪ್ರಕರಣಗಳನ್ನು 1981ರಲ್ಲಿ ಮಲೇಷ್ಯಾದ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿಮಾಡಿದರು. ಅಂಥ ಪ್ರಕರಣಗಳು ಭಾರತದಲ್ಲಿಯೂ ಕಂಡುಬಂದಿವೆ. ಎರಡೂ ಗಿಡಗಳ ವಿಷ, ಎರಡೂ ಕೀಟನಾಶಕ, ಎರಡನ್ನೂ ಕೊಟ್ಟದ್ದು ಕೂಸುಗಳಿಗೆ, ಎರಡರ ಹಿಂದೆಯೂ ಇದ್ದದ್ದು ಮಗು ಬದುಕಲಿ ಎಂಬ ಆಸೆಯೇ. ಬೇರೆಯಾದದ್ದು ಅರಿವು: ಒಂದನ್ನು ತೂಗಿ, ನೋಡಿ, ಲೆಕ್ಕವಿಟ್ಟು ಕೊಡಲಾಯಿತು, ಇನ್ನೊಂದನ್ನು ಅದರ ಪಾವಿತ್ರ್ಯದ ಭರವಸೆಯ ಮೇಲೆ ಕೊಡಲಾಯಿತು.

ಮತ್ತೊಂದು ಜೋಡಿ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಕಾಫಿ ಕುಡಿಯುವವರಲ್ಲಿ ಪಾರ್ಕಿನ್‌ಸನ್ ಎಂಬ ನಡುಕದ ಕಾಯಿಲೆ ಕಡಿಮೆಯೆಂಬುದು ಹವಾಯಿ ದ್ವೀಪದ ಎಂಟು ಸಾವಿರ ಗಂಡಸರನ್ನು ದೀರ್ಘಕಾಲ ಗಮನಿಸಿದ ಅಧ್ಯಯನದಿಂದ 2000ದಲ್ಲಿ ತಿಳಿದುಬಂದಿತು. ಅದೇ ವರ್ಷ, ಡೆರಿಸ್ ಕುಲದ ಬಳ್ಳಿಗಳ ಬೇರಿನಿಂದ ತೆಗೆಯುವ, ‘ನೈಸರ್ಗಿಕ’ವೆಂದೇ ಬಹುಕಾಲ ತೋಟಗಳಲ್ಲಿ ಬಳಕೆಯಲ್ಲಿದ್ದ ರೋಟಿನೋನ್ ಎಂಬ ಕೀಟನಾಶಕವನ್ನು ಇಲಿಗಳಿಗೆ ಸತತವಾಗಿ ಕೊಟ್ಟಾಗ ಅವುಗಳಲ್ಲಿ ಪಾರ್ಕಿನ್‌ಸನ್ನಿನಂಥದೇ ಲಕ್ಷಣಗಳು ಕಾಣಿಸಿಕೊಂಡವು. ಹಾಗೆಂದು ಕೆಫೀನ್ ಆ ಕಾಯಿಲೆಗೆ ಮದ್ದೆಂದು ಹೇಳುವಂತಿಲ್ಲ. ಈಗಾಗಲೇ ಕಾಯಿಲೆ ಬಂದವರಿಗೆ ಕೆಫೀನ್ ಕೊಟ್ಟು ನೋಡಿದ, 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಗುಣ ಕಾಣಲಿಲ್ಲ.

ಕಾಫಿಯ ಈ ದ್ವಂದ್ವ ಧರ್ಮಶಾಸ್ತ್ರದ ಮುಂದೆ ಐದು ಶತಮಾನಗಳ ಹಿಂದೆಯೇ ಬಂದು ನಿಂತಿತ್ತು. ಯೆಮನ್ ದೇಶದ ಸೂಫಿಗಳು ರಾತ್ರಿಯ ದೇವನಾಮಸ್ಮರಣೆಯಲ್ಲಿ ಎಚ್ಚರವಾಗಿರಲು ಕಾಫಿ ಕುಡಿಯುತ್ತಿದ್ದರು. ಅದು ಮೆಕ್ಕಾದವರೆಗೆ ಹಬ್ಬಿದಾಗ 1511ರಲ್ಲಿ ಅಲ್ಲಿಯ ಅಧಿಕಾರಿ ಖೈರ್ ಬೇಗ್ ವಿದ್ವಾಂಸರ ಸಭೆಯನ್ನು ಕರೆದು, ಈ ಪೇಯ ಮದ್ಯದಂತೆ ನಿಷಿದ್ಧವೋ ಅಲ್ಲವೋ ಎಂದು ಕೇಳಿದನು. ಇಸ್ಲಾಮಿನ ನ್ಯಾಯಶಾಸ್ತ್ರದಲ್ಲಿ ವಸ್ತುಗಳು ಮೂಲತಃ ಅನುಮತವಾದವು, ನಿಷೇಧಿಸಬೇಕಾದರೆ ಆಧಾರ ಬೇಕು ಎಂಬ ತತ್ತ್ವವಿದೆ. ಆದುದರಿಂದ ಕಾಫಿ ದೇಹಕ್ಕೆ ಕೆಡುಕೆಂದು ಸಾಕ್ಷ್ಯ ನುಡಿಯಲು ವೈದ್ಯರನ್ನು ಕರೆಸಬೇಕಾಯಿತು. ನಿಷೇಧವೇನೋ ಹೊರಟಿತು, ಆದರೆ ಕೈರೋದಿಂದ ಬಂದ ಸುಲ್ತಾನನ ಆದೇಶ ಪೇಯವನ್ನೇ ನಿಷೇಧಿಸಲು ಒಪ್ಪಲಿಲ್ಲ. ಈ ಪ್ರಕರಣದಲ್ಲಿ ಆದರದಿಂದ ನೆನೆಯಬೇಕಾದ ಅಂಶವೆಂದರೆ, ವಸ್ತು ತಾನಾಗಿ ಪಾಪವೂ ಅಲ್ಲ, ಪುಣ್ಯವೂ ಅಲ್ಲ, ಅದು ದೇಹ ಮನಸ್ಸುಗಳಲ್ಲಿ ಏನು ಮಾಡುತ್ತದೆಂಬುದನ್ನು ವಿಚಾರಿಸಿಯೇ ತೀರ್ಪು ಹೇಳಬೇಕೆಂಬುದನ್ನು ಆ ಸಭೆಯ ಎರಡು ಪಕ್ಷಗಳೂ ಒಪ್ಪಿಕೊಂಡಿದ್ದವು. ಮೆಕ್ಕಾ ಯಾತ್ರೆಯಿಂದ ಮರಳುವಾಗ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ಪ್ರತೀತಿಯಿರುವ ಬಾಬಾ ಬುಡನ್ ಅವರೂ ಸೂಫಿ ಸಂತರೇ. ಸಕಲೇಶಪುರದ ತೋಟಗಳಿಗೆ ಕಾಫಿ ಬಂದದ್ದು ಉತ್ತರದ ಆ ಗಿರಿಸಾಲಿನ ಕಡೆಯಿಂದ.

ಹಿಂಸೆಯ ಪ್ರಶ್ನೆಗೆ ಬಂದಾಗ ಜೈನದರ್ಶನಕ್ಕಿಂತ ಸೂಕ್ಷ್ಮವಾದ ವಿಚಾರಣೆ ಬೇರೆಲ್ಲಿಯೂ ಸಿಗಲಾರದು, ಮತ್ತು ಅದನ್ನು ಹುಡುಕಿಕೊಂಡು ಹಾಸನ ಜಿಲ್ಲೆಯನ್ನು ಬಿಟ್ಟು ಹೋಗಬೇಕಾಗಿಯೂ ಇಲ್ಲ; 10ನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯನು ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದ ಶ್ರವಣಬೆಳಗೊಳ ಇದೇ ಜಿಲ್ಲೆಯಲ್ಲಿದೆ. ಆ ದರ್ಶನದ ಪ್ರಕಾರ ಕಾಫಿಗಿಡವೂ ಒಂದು ಜೀವ. ಅದು ಸ್ಪರ್ಶವೊಂದನ್ನೇ ಉಳ್ಳ ಏಕೇಂದ್ರಿಯ ಜೀವ, ಹುಳುಗಳು ಎರಡು ಇಂದ್ರಿಯಗಳವು, ಇರುವೆಗಳು ಮೂರರವು, ದುಂಬಿ ಜೇನುಗಳು ನಾಲ್ಕರವು. ಸಂಸಾರದಲ್ಲಿರುವ ಎಲ್ಲ ಜೀವಗಳಿಗೂ, ಗಿಡಕ್ಕೂ ಕೂಡ, ಆಹಾರ, ಭಯ, ಮೈಥುನ, ಪರಿಗ್ರಹವೆಂಬ ನಾಲ್ಕು ಸಂಜ್ಞೆಗಳು, ಅಂದರೆ ಹುಟ್ಟಿನಿಂದ ಬಂದ ತುಡಿತಗಳು, ಇವೆಯೆಂದು ಜೈನಾಚಾರ್ಯರು ಹೇಳುತ್ತಾರೆ. ಪ್ರಯೋಗಾಲಯಗಳಿಲ್ಲದ ಕಾಲದಲ್ಲಿ ಗಿಡಕ್ಕೆ ಭಯವನ್ನು ಒಪ್ಪಿದ ಆ ದೃಷ್ಟಿಯ ಮುಂದೆ, ಕೆಫೀನನ್ನು ಎಳೆಯೆಲೆಯಲ್ಲಿ ತುಂಬಿಕೊಳ್ಳುವ ಕಾಫಿಗಿಡ ಅಚ್ಚರಿಯ ವಸ್ತುವಲ್ಲ. ಗಿಡಮರಗಳು ನಿಷ್ಪಾಪಿಗಳು, ಅವುಗಳಿಂದ ಬಂದದ್ದೆಲ್ಲ ಸಾತ್ವಿಕ ಎಂಬ ಇಂದಿನ ಮೆದುವಾದ ಭಾವನೆಗೆ ಆ ದರ್ಶನದಲ್ಲಿ ಎಡೆಯಿಲ್ಲ. ಗಿಡವೂ ಭಯಪಡುತ್ತದೆ, ಭಯದಿಂದ ಕೊಲ್ಲುತ್ತದೆ. ಅದಕ್ಕೆ ಮನಸ್ಸಿಲ್ಲದುದರಿಂದ ವಿವೇಚನೆಯ ಹೊಣೆ ಇಲ್ಲವಷ್ಟೆ.

ಮನುಷ್ಯನಿಗೆ ಆ ಹೊಣೆ ಇದೆ. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ ಹಿಂಸೆಯನ್ನು ಬರಿಯ ಪ್ರಾಣಹರಣವೆಂದು ಹೇಳದೆ, ಪ್ರಮಾದದಿಂದ, ಅಂದರೆ ಮನಸ್ಸಿನ ಕಲುಷಗಳಾದ ಕಷಾಯಗಳಿಗೆ ವಶವಾದ ಅಥವಾ ಎಚ್ಚರ ತಪ್ಪಿದ ಮನೋವಾಕ್ಕಾಯಗಳ ವ್ಯಾಪಾರದಿಂದ, ಆಗುವ ಪ್ರಾಣಹರಣವೆಂದು ನಿರೂಪಿಸುತ್ತದೆ. ಗೃಹಸ್ಥನ ಮಟ್ಟಿಗೆ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಲಾಗುತ್ತದೆ. ಕೊಲ್ಲಬೇಕೆಂದೇ ಕೊಲ್ಲುವುದು ಮೊದಲನೆಯದು, ಅಡುಗೆ ಮನೆಗೆಲಸಗಳಲ್ಲಿ ಆಗಿಹೋಗುವುದು ಎರಡನೆಯದು, ಬೇಸಾಯ ಮುಂತಾದ ಜೀವನೋಪಾಯದಲ್ಲಿ ಬರುವುದು ಮೂರನೆಯದು, ಆತ್ಮರಕ್ಷಣೆಗಾಗಿ ಮಾಡುವುದು ನಾಲ್ಕನೆಯದು. ಗೃಹಸ್ಥನು ಮೊದಲನೆಯದನ್ನು ಪೂರ್ತಿಯಾಗಿ ಬಿಡಬೇಕು, ಉಳಿದವನ್ನು ಯತ್ನಾಚಾರದಿಂದ, ಅಂದರೆ ಎಚ್ಚರದ ನಡವಳಿಕೆಯಿಂದ, ಆದಷ್ಟು ತಗ್ಗಿಸಬೇಕು. ಈ ವಿಂಗಡಣೆಯಲ್ಲಿ ಎಲ್ಲಿಯೂ ಆಯುಧ ಯಾವುದರಿಂದ ಆಯಿತೆಂಬ ಪ್ರಶ್ನೆಯೇ ಇಲ್ಲವೆಂಬುದನ್ನು ಓದುಗರು ಗಮನಿಸಬೇಕು. ಬೇವಿನಿಂದ ಸತ್ತ ಹುಳುವಿಗೂ ಲಿಂಡೇನ್ ಎಂಬ ಕಾರ್ಖಾನೆಯ ವಿಷದಿಂದ ಸತ್ತ ಹುಳುವಿಗೂ ಪ್ರಾಣ ಹೋದದ್ದು ಒಂದೇ ರೀತಿ. ತಕ್ಕಡಿಯಲ್ಲಿ ತೂಗುವುದು ಎಚ್ಚರ ಮಾತ್ರ.

ಹಾಗಾದರೆ ಲಿಂಡೇನ್ ಮತ್ತು ಬೇವು ಸಮವೆ? ಅಲ್ಲ, ಮತ್ತು ಅದಕ್ಕೆ ಕಾರಣವೂ ಇದೇ ವಿಚಾರದಿಂದಲೇ ಹೊರಡುತ್ತದೆ. ಕಾಂಡಕೊರಕಕ್ಕೆಂದು ಹಿಂದೆ ಕಾಫಿಕಾಂಡಕ್ಕೆ ಬಳಿಯುತ್ತಿದ್ದ ಲಿಂಡೇನ್, ವರ್ಷಗಟ್ಟಲೆ ಕೊಳೆಯದೆ ಮಣ್ಣಿನಲ್ಲಿ ಉಳಿದು, ನೀರು ಆಹಾರಗಳ ಮೂಲಕ ಪ್ರಾಣಿಗಳ ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ಭಾರತದಲ್ಲಿ 2013ರಿಂದ ಅದರ ಬಳಕೆ ನಿಷಿದ್ಧವಾಗಿದೆ. ಕನ್ನಡ ಮಾತಾಡುವ ಕಾಸರಗೋಡಿನ ಎಣ್ಮಕಜೆ ಮುಂತಾದ ಹಳ್ಳಿಗಳಲ್ಲಿ, ಗೋಡಂಬಿ ತೋಟಗಳಿಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಎಂಥ ದುಃಖವನ್ನು ತಂದಿತೆಂಬುದು ನಾಡಿಗೆಲ್ಲ ತಿಳಿದ ವಿಷಯ. ಎಲ್ಲಿ ಯಾರನ್ನು ತಾಗುತ್ತದೆಂದು ತಿಳಿಯದೆ ಸುರಿದ ವಿಷ ಪ್ರಮಾದದ ಪರಮರೂಪ. ಬಿಸಿಲಿಗೆ ಬೇಗ ಶಿಥಿಲವಾಗುವ ಅಜಾಡಿರಾಕ್ಟಿನ್ ಆ ದೃಷ್ಟಿಯಿಂದ ಮೇಲು, ಆದರೆ ಅದು ಮೇಲಾದದ್ದು ಬೇಗ ಅಳಿಯುವುದರಿಂದಲೇ ಹೊರತು ಮರದಿಂದ ಬಂದುದರಿಂದ ಅಲ್ಲ. ಇದೇ ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ ಬೆಳೆಯುವ ತಂಬಾಕಿನ ನಿಕೋಟಿನ್ ಕೂಡ ಗಿಡ ಕೀಟಗಳ ವಿರುದ್ಧ ತಯಾರಿಸಿಕೊಂಡ ವಿಷವೇ, ಒಂದು ಕಾಲದಲ್ಲಿ ಅದನ್ನೂ ಕೀಟನಾಶಕವಾಗಿ ಸಿಂಪಡಿಸುತ್ತಿದ್ದರು. ಅದನ್ನು ಸಾತ್ವಿಕವೆಂದು ಯಾರೂ ಹೇಳುವುದಿಲ್ಲ.

ತೋಟದ ಕೆಲಸದಲ್ಲಿ ಯತ್ನಾಚಾರ ಹೇಗಿರುತ್ತದೆಂಬುದನ್ನು ಕಾಂಡಕೊರಕದ ನಿರ್ವಹಣೆಯಲ್ಲಿಯೇ ಕಾಣಬಹುದು. ದುಂಬಿಗಳು ಹಾರಾಡುವುದು ಮುಖ್ಯವಾಗಿ ಏಪ್ರಿಲ್ ಮೇ ತಿಂಗಳುಗಳಲ್ಲಿ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಅದಕ್ಕೆ ಮೊದಲೇ ತೋಟವನ್ನೆಲ್ಲ ನಡೆದು, ಕಾಂಡದ ಮೇಲೆ ಏರುಗೆರೆಗಳು ಎದ್ದ, ಎಲೆ ಹಳದಿಯಾದ ಗಿಡಗಳನ್ನು ಗುರುತಿಸಿ ಕಿತ್ತು ಸುಡುವುದು, ಉಳಿದ ಗಿಡಗಳ ತೊಗಟೆಯ ಸಡಿಲ ಸಿಪ್ಪೆಯನ್ನು ಉಜ್ಜಿ ತೆಗೆದು ದುಂಬಿಗೆ ಮೊಟ್ಟೆಯಿಡಲು ಬಿರುಕು ಸಿಗದಂತೆ ಮಾಡುವುದು, ಕಾಂಡಕ್ಕೆ ಸುಣ್ಣದ ತಿಳಿ ಬಳಿಯುವುದು, ಬಿಸಿಲನ್ನು ಬಯಸುವ ಆ ದುಂಬಿ ಬಾರದಂತೆ ಮರಗಸಿಯಲ್ಲಿ ಹದವರಿತು ನೆರಳನ್ನು ಉಳಿಸಿಕೊಳ್ಳುವುದು ರೂಢಿಯಲ್ಲಿರುವ ಕ್ರಮಗಳು. ಕಾಯಿಕೊರಕಕ್ಕೆ ಗಿಡದಲ್ಲೂ ನೆಲದಲ್ಲೂ ಒಂದು ಕಾಯಿ ಉಳಿಯದಂತೆ ಆರಿಸುವುದೇ ಮೊದಲ ಮದ್ದು. ಗಿಡವನ್ನು ಕಿತ್ತು ಸುಡುವಾಗ ಒಳಗಿನ ಮರಿಹುಳುಗಳು ಸಾಯುತ್ತವೆ, ಅದು ಮಾಡುವವನ ಕಣ್ಣೆದುರಿಗೇ ಆಗುತ್ತದೆ. ಸಿಂಪಡಣೆಯಲ್ಲಿ ಸಾವು ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಮನಸ್ಸಿಗೆ ಹಗುರವೆನಿಸುತ್ತದೆ. ಕಣ್ಣಿಗೆ ಬೀಳುವ ಹಿಂಸೆಯೇ ಹೆಚ್ಚು ಪ್ರಾಮಾಣಿಕವಾದುದು, ಏಕೆಂದರೆ ಅದರಲ್ಲಿ ಎಣಿಕೆ ಇದೆ, ಗುರಿಯಿದೆ, ಅಳುಕೂ ಇದೆ. ಬೇಸಾಯಗಾರನು ಹಿಂಸೆಯಿಂದ ಪೂರ್ತಿ ಪಾರಾಗಲಾರನೆಂಬುದನ್ನು ಜೈನಾಚಾರ್ಯರು ಮರೆಮಾಚಲಿಲ್ಲ. ಮರೆಮಾಚುತ್ತಿರುವುದು ಡಬ್ಬಿಯ ಮೇಲೆ ಹಸಿರು ಎಲೆಯ ಚಿತ್ರ ಹಾಕಿ ಮಾರುವ ಇಂದಿನ ಪೇಟೆ.

ಗಿಡದ ಕೊಡುಗೆಯೆಂಬುದನ್ನೂ ಇಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಬೇಕು. ಫೆಬ್ರವರಿ ಮಾರ್ಚ್ ತಿಂಗಳ ಹೂಮಳೆಯಾದ ಮೇಲೆ ರೋಬಸ್ಟಾ ತೋಟಗಳು ಬೆಳ್ಳಗೆ ಅರಳುತ್ತವೆ. ರೋಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟದುದರಿಂದ ಹೆಜ್ಜೇನು, ತುಡುವೆಜೇನುಗಳ ಓಡಾಟ ಅದಕ್ಕೆ ಅತ್ಯಗತ್ಯ. ಕಾಫಿಹೂವಿನ ಮಕರಂದದಲ್ಲಿಯೂ ಕೊಂಚ ಕೆಫೀನ್ ಇದೆಯೆಂದೂ, ಅದನ್ನು ಸವಿದ ಜೇನ್ನೊಣಗಳು ಹೂವಿನ ಪರಿಮಳವನ್ನು ಒಂದು ದಿನದ ಮೇಲೂ ನೆನಪಿಟ್ಟುಕೊಳ್ಳುವ ಸಂಭವ ಮೂರು ಪಟ್ಟು ಹೆಚ್ಚೆಂದೂ 2013ರಲ್ಲಿ ಇಂಗ್ಲೆಂಡಿನ ಜೆರಾಲ್ಡಿನ್ ರೈಟ್ ಮತ್ತು ಸಂಗಡಿಗರು ತೋರಿಸಿದರು. ಎಲೆ ತಿನ್ನುವ ಹುಳುವಿಗೆ ವಿಷ, ಪರಾಗ ಹೊರುವ ನೊಣಕ್ಕೆ ನೆನಪಿನ ವರ ಎಂದು ಇಲ್ಲಿಗೇ ನಿಲ್ಲಿಸಿದರೆ ಗಿಡ ದೇವತೆಯಾಗಿಬಿಡುತ್ತದೆ. ಆದರೆ ಕೆಫೀನ್ ಬೆರೆತ ಮಕರಂದವನ್ನು ಜೇನ್ನೊಣಗಳು ಅದರ ನಿಜವಾದ ಸಾರಕ್ಕಿಂತ ಹೆಚ್ಚಾಗಿ ಬೆಲೆಕಟ್ಟಿ, ಗೂಡಿನ ಉಳಿದ ನೊಣಗಳನ್ನೂ ಅಲ್ಲಿಗೇ ಕರೆತರುತ್ತವೆ, ಇದರಿಂದ ಗೂಡಿಗೆ ನಷ್ಟವೂ ಆಗಬಹುದು ಎಂದು 2015ರಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡರು. ವರವೋ ವಂಚನೆಯೋ ಎಂದು ಗಿಡವನ್ನು ಕೇಳುವಂತಿಲ್ಲ. ವಸ್ತುವಿಗೆ ಅನೇಕ ಧರ್ಮಗಳು, ಒಂದು ನಿಲುವಿನಿಂದ ಕಂಡದ್ದು ಪೂರ್ಣಸತ್ಯವಲ್ಲ ಎನ್ನುವ ಅನೇಕಾಂತವಾದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಈ ಜಿಲ್ಲೆಯಲ್ಲಿ ಸಿಗುವುದು ಕಷ್ಟ.

ಅನೇಕಾಂತವನ್ನು ಯಾವುದೂ ನಿಶ್ಚಯವಿಲ್ಲವೆಂದು ಅರ್ಥಮಾಡುವುದು ತಪ್ಪು. ಇಂಥ ದೇಹಕ್ಕೆ, ಇಂಥ ಕಾಲದಲ್ಲಿ, ಇಷ್ಟು ಕೊಟ್ಟರೆ ಇಂಥದಾಗುತ್ತದೆಂಬ ನಿಶ್ಚಯವನ್ನು ಪಡೆಯಲೇಬೇಕೆಂಬ ಕಟ್ಟಳೆ ಅದರಲ್ಲಿದೆ, ಮತ್ತು ಆ ನಿಶ್ಚಯವಿಲ್ಲದೆ ಕೈ ಮುಂದೆ ಮಾಡುವುದೇ ಪ್ರಮಾದ. ನವಜಾತ ಶಿಶು ಘಟಕದಲ್ಲಿ ಕೆಫೀನ್ ಕೊಡುವವರು ಕೂಸನ್ನು ತೂಗುತ್ತಾರೆ, ಎದೆಬಡಿತವನ್ನು ನೋಡುತ್ತಾರೆ, ಬಡಿತ ಮಿತಿಮೀರಿದರೆ ಆ ಹೊತ್ತಿನ ಔಷಧವನ್ನು ತಡೆಹಿಡಿಯುತ್ತಾರೆ. ಅಷ್ಟೇ ಎಚ್ಚರವನ್ನು ತೋಟವೂ ಮನೆಯೂ ಕೇಳುತ್ತವೆ. ರೋಬಸ್ಟಾ ಹೂಬಿಟ್ಟು ಹೆಜ್ಜೇನು ಮುತ್ತಿರುವ ದಿನಗಳಲ್ಲಿ, ಡಬ್ಬಿಯ ಮೇಲೆ ಸಸ್ಯಜನ್ಯವೆಂದು ಬರೆದಿದ್ದರೂ, ಬೆಳೆಗಾರರು ಸಿಂಪಡಣೆಗೆ ಕೈಹಾಕಬಾರದು. ಮನೆಯ ಹಿರಿಯರು ಬೇವಿನ ಎಣ್ಣೆಯ ಒಂದು ಹನಿಯನ್ನೂ ಎಳೆಗೂಸಿನ ಬಾಯಿಗೆ ಹಾಕಬಾರದು, ಈಗಾಗಲೇ ಹಾಕಿ ಮಗು ವಾಂತಿ ಮಾಡಿಕೊಂಡರೆ ಅಥವಾ ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ದು, ಏನನ್ನು ಎಷ್ಟು ಕೊಟ್ಟೆವೆಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.